ನಾಯಿಗೊಂದು ತುತ್ತು, ನಿಂಗೊಂದು ತುತ್ತು

ಈಗಲೂ ನಾನು ನೀರು ಕುಡಿಯುವಾಗ ನಮ್ಮ ಯಜಮಾನರು ಕಣ್ಣಂಚಿನಲ್ಲಿ ನನ್ನ ಗಂಟಲು ನೋಡುತ್ತಾರೆ. ನೋಡುತ್ತಿಲ್ಲ ಎಂಬಂತೆ ಟವೆಲ್ ಕೊಡವುತ್ತಾರೆ, ಚಪ್ಪಲಿ ಹುಡುಕುತ್ತಾರೆ. ಗುಟುಕು ಕೆಳಗಿಳಿಯಿತು ಎಂದು ಖಾತ್ರಿಯಾದ ಮೇಲೆ ಕಡಲೆಕಾಯಿ ಮಿಲ್ಲಿನ ಕೆಲಸಕ್ಕೆ ಹೊರಡುತ್ತಾರೆ. ನನಗೆ ನಾಯಿ ಕಚ್ಚಿ ಒಂದೂವರೆ ವರ್ಷವಾಯಿತು. ಇಂಜೆಕ್ಷನ್ ಮುಗಿದು, ಗಾಯ ಮಾಯ್ದು, ಬಲಗೈ ಮಣಿಕಟ್ಟಿನ ಮೇಲೆ ನಾಲ್ಕು ಗುರುತು ಮಾತ್ರ ಉಳಿದಿವೆ. ನನಗೆ ವಾಸಿಯಾಗಿದೆ, ಅವರಿಗಿನ್ನೂ ಆಗಿಲ್ಲ.

ನಾಯಿ ಕಚ್ಚಿದ್ದಕ್ಕೆಲ್ಲ ಒಂದು ಕಥೆಯಾ ಎಂದು ನಗುವವರು ನಗಲಿ. ನಾನೂ ಮೊದಲು ಹಾಗೇ ನಗುತ್ತಿದ್ದವಳು. ಕಚ್ಚಿಸಿಕೊಂಡ ಮೇಲಿನ ಹತ್ತು ದಿನ ಹೇಗಿರುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಬಿಟ್ಟು ಹೇಳಲಾಗದ ಹೆದರಿಕೆಯಲ್ಲಿ ಕೂತಿರುವ ಯಾರಾದರೂ ಇದನ್ನು ಓದಿದರೆ, ಆ ಬೆಂಚಿನ ಇನ್ನೊಂದು ತುದಿಯಲ್ಲಿ ನಾನೂ ಕೂತಿದ್ದೆ ಎಂದು ತಿಳಿಯಲಿ, ಅಷ್ಟೇ.

ನಾನು ಕಳ್ಳಂಬೆಳ್ಳ ಹೋಬಳಿಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಕೆರೆ ಏರಿಯ ಕೆಳಗೆ ಒಂದು ಕೋಣೆ, ಒಂದು ಅಡುಗೆ ಗೂಡು, ಮುಂದೆ ಹುಣಸೆ ಮರದ ನೆರಳು, ಇಪ್ಪತ್ತೆರಡು ಮಕ್ಕಳು. ನನ್ನ ಬಾಯಿ ಜೋರು ಎಂದು ಊರಿಗೇ ಗೊತ್ತು. ಟೀಚರ್ ಬಯ್ದರೆ ಕೆರೆಯ ಆ ದಡದ ಎಮ್ಮೆಯೂ ತಲೆ ಎತ್ತುತ್ತದೆ ಅಂತ ನಮ್ಮ ಸಹಾಯಕಿ ಗಂಗಮ್ಮ ಹೇಳುತ್ತಿರುತ್ತಾಳೆ. ಅದನ್ನು ನಾನು ಹೊಗಳಿಕೆ ಎಂದುಕೊಂಡಿದ್ದೆ.

ನಮ್ಮ ಕಡೆ ಮಕ್ಕಳಿಗೆ ಉಣ್ಣಿಸುವುದಕ್ಕೆ ಒಂದು ಪದ್ಧತಿ ಇದೆ. ಮಗು ಬಾಯಿ ಬಿಗಿಹಿಡಿಯಿತೋ, ತಟ್ಟೆ ಎತ್ತಿಕೊಂಡು ಬೀದಿಗೆ ಬರುವುದು. ಜಗಲಿಯ ಮೇಲೆ ಕೂರಿಸಿ, ಎದುರಿಗೊಂದು ನಾಯಿ ಕರೆಯುವುದು. 'ನಾಯಿಗೊಂದು ತುತ್ತು, ನಿಂಗೊಂದು ತುತ್ತು' ಎಂದು ರಾಗವಾಗಿ ಹೇಳುತ್ತ ಒಂದನ್ನು ಅದಕ್ಕೆ ಎಸೆಯುವುದು, ಒಂದನ್ನು ಮಗುವಿನ ಬಾಯಿಗೆ ತುರುಕುವುದು. ಕೊನೆಗೆ ತುತ್ತನ್ನು ನಾಯಿಯ ಮೂತಿಯವರೆಗೂ ಒಯ್ದು, ಥಟ್ಟನೆ ಹಿಂದೆಳೆದು, 'ಕೊಡಲ್ಲ ಹೋಗು, ಇದು ನಮ್ ಪಾಪುಂದು' ಎಂದರೆ ಮಗು ಕಿಲಕಿಲ ನಗುತ್ತದೆ. ಆ ನಗುವಿನ ಸಂದಿಯಲ್ಲಿ ತುತ್ತು ಒಳಗೆ ಹೋಗುತ್ತದೆ. ನಾನು ಬೆಳೆದದ್ದು ಹಾಗೆ, ನನ್ನ ಮಕ್ಕಳನ್ನು ಬೆಳೆಸಿದ್ದೂ ಹಾಗೆ.

ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ದಿನ ಒಂದು ಹೆಣ್ಣುನಾಯಿ ತಪ್ಪದೆ ಬರುತ್ತಿತ್ತು. ಮಕ್ಕಳು ಅದಕ್ಕೆ ಮೊಟ್ಟೆ ಎಂದೇ ಹೆಸರಿಟ್ಟಿದ್ದವು. ನಾಲ್ಕು ವರ್ಷದ ಚಂದನ ಎಂಬ ಹುಡುಗಿ ತಟ್ಟೆಯಲ್ಲಿ ಮೊಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಅವಳ ಅಮ್ಮ ಬೆಳಿಗ್ಗೆಯೇ ಗಾರ್ಮೆಂಟ್ಸ್ ವ್ಯಾನ್ ಹತ್ತುತ್ತಾಳೆ, ಅಪ್ಪ ಲಾರಿಯ ಮೇಲಿರುತ್ತಾನೆ, ಸಾಕುವುದೆಲ್ಲ ಅಜ್ಜಿ ಕೆಂಚಮ್ಮ. ತೂಕ ಕಡಿಮೆ ಇದ್ದ ಕೂಸು. ಅದಕ್ಕೆ ಹೇಗಾದರೂ ಮೊಟ್ಟೆ ತಿನ್ನಿಸಬೇಕೆಂದು ನಾನೇ ಕೈ ತೊಳೆಯುವ ನಲ್ಲಿಯ ಪಕ್ಕ ಕೂರಿಸಿಕೊಂಡು, ನಾಯಿ ಕರೆದು, ಆ ಹಳೇ ರಾಗ ಹಾಡಿದೆ. ಒಂದು ತಿಂಗಳಲ್ಲಿ ಚಂದನ ಇಡೀ ಮೊಟ್ಟೆ ತಿನ್ನತೊಡಗಿದಳು. ತೂಕದ ಚೀಟಿ ಹಿಡಿದು ನಾನು ಬೀಗಿದ್ದೇ ಬೀಗಿದ್ದು.

ಮಗು ಒಂದು ಕಲಿಯುತ್ತಿತ್ತು, ನಾಯಿ ಒಂದು ಕಲಿಯುತ್ತಿತ್ತು. ಮಗುವಿನ ತಟ್ಟೆಯಲ್ಲಿ ತನಗೂ ಪಾಲಿದೆ ಎಂದು ಆ ನಾಯಿಗೆ ಪಾಠ ಹೇಳಿಕೊಟ್ಟವಳು ನಾನು. ಇದು ನನಗೆ ಹೊಳೆದದ್ದು ಕಚ್ಚಿಸಿಕೊಂಡ ಮೇಲೆ.

ಅದೊಂದು ಸೋಮವಾರ. ನಾನು ಒಳಗೆ ರಿಜಿಸ್ಟರ್ ತರಲು ಎದ್ದೆ. ಅಷ್ಟರಲ್ಲಿ ಚಂದನ ನನ್ನ ಹಾಗೇ ಅರ್ಧ ಮೊಟ್ಟೆಯನ್ನು ನಾಯಿಯ ಮೂತಿಯವರೆಗೂ ಒಯ್ದು, 'ಕೊಡಲ್ಲ ಹೋಗು' ಎಂದು ಹಿಂದೆಳೆದುಕೊಂಡಳು. ಧ್ವನಿ ಕೂಡ ನನ್ನದೇ. ಆ ದಿನಗಳಲ್ಲಿ ನಾಯಿ ಮರಿ ಹಾಕಿತ್ತು, ಹಸಿದಿತ್ತು. ಒಂದೇ ನೆಗೆತಕ್ಕೆ ಹುಡುಗಿ ಅಂಗಾತ ಬಿದ್ದಳು. ನಾನು ಓಡಿಬಂದು ಕೈ ಮಧ್ಯೆ ಹಾಕಿದೆ. ನಾಯಿ ನನ್ನ ಮಣಿಕಟ್ಟು ಹಿಡಿದು ಒಮ್ಮೆ ಜಗ್ಗಿ, ಬಿಟ್ಟು, ಮೊಟ್ಟೆ ಕಚ್ಚಿಕೊಂಡು ಓಡಿತು.

ರಕ್ತ ಸೀರೆಯ ಮೇಲೆಲ್ಲ ಹರಿಯುತ್ತಿತ್ತು. ನೋವಿಗಿಂತ ಮೊದಲು ನನಗೆ ಬಂದದ್ದು ಕೋಪ. ನಾಯಿಯಂತೂ ಓಡಿಹೋಗಿತ್ತು, ಎದುರಿಗಿದ್ದವಳು ಚಂದನ.

"ನಿನ್ನಿಂದಾನೇ ಕಣೇ ಇದೆಲ್ಲ! ನಾಯಿ ಬಾಯಿಗೆ ಕೈ ಹಾಕೋಕೆ ನಿಂಗೇನ್ ದೊಡ್ರೋಗ ಬಂದಿತ್ತು?" ಎಂದು ಕೂಗಿಕೊಂಡೆ. ಹುಡುಗಿ ಎದ್ದು ಗೋಡೆಗೆ ಅಂಟಿಕೊಂಡು ನಿಂತಳು, ಅಳಲೂ ಇಲ್ಲ.

ಗಂಗಮ್ಮ ಸುಣ್ಣ ತರುತ್ತೇನೆ, ಕಾಫಿಪುಡಿ ಒತ್ತುತ್ತೇನೆ ಎಂದು ಓಡಾಡಿದಳು. ಸದ್ಯ, ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು. ನಲ್ಲಿ ಬಿಟ್ಟು, ಸೋಪು ಹಚ್ಚಿ, ಕಾಲುಗಂಟೆ ತೊಳೆದೆ. ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ ಟೀಚರಮ್ಮ, ಮರಿ ಹಾಕಿರೋ ನಾಯಿ ಕಣಮ್ಮ. ಅದು ಕಚ್ಚುದ್ರೆ ಹೊಟ್ಟೇಲಿ ಮರಿ ಆಯ್ತವಂತೆ" ಎಂದಳು. ನಾನು ಅವಳಿಗೂ ಬಯ್ದೆ. ಗೋಡೆಗೆ ಅಂಟಿಕೊಂಡಿದ್ದ ಹುಡುಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು ಎಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಕೆಂಚಮ್ಮ ಓಡಿಬಂದು ಮೊಮ್ಮಗಳ ಕೈಕಾಲು ತಿರುಗಿಸಿ ನೋಡಿದಳು. ಏನೂ ಇರಲಿಲ್ಲ. "ನಿಂಗೇನಾರ ಬಾಯಿ ಹಾಕಿದ್ರೆ ಚರ್ಮ ಸುಲ್ದು ಬುಡ್ತಿದ್ದೆ" ಎಂದು ಬೆನ್ನಿಗೊಂದು ಗುದ್ದಿ ಎತ್ತಿಕೊಂಡು ಹೋದಳು. ಪ್ರೀತಿಯ ಗುದ್ದೇ ಅದು. ನಮ್ಮಲ್ಲಿ ಪ್ರೀತಿ ಬರುವುದು ಹಾಗೆಯೇ.

ಶಿರಾದ ಆಸ್ಪತ್ರೆಯಲ್ಲಿ ಉದ್ದದ ಬೆಂಚು. ಅದರ ಮೇಲೆ ಒಬ್ಬೊಬ್ಬರದೂ ಒಂದೊಂದು ಜಾಗ ಕಚ್ಚಿಸಿಕೊಂಡ ಕಥೆ. ನನ್ನ ಪಕ್ಕ ಬಿಳಿ ಟೋಪಿಯ ವಯಸ್ಸಾದ ಚಾಚಾ ಒಬ್ಬರು ಪೈಜಾಮ ಮಡಚಿ ಕಾಲು ಚಾಚಿಕೊಂಡಿದ್ದರು. "ಕಸೂರು ನಂದೇ ಅಮ್ಮಾ. ಮಲಗಿದ್ದ ನಾಯಿ ಬಾಲ ತುಳಿದೆ. ನಂಗೆ ಬಾಲ ಇದ್ದು, ಯಾರಾದ್ರೂ ತುಳಿದಿದ್ರೆ ನಾನೂ ಕಚ್ತಿದ್ದೆ" ಎಂದರು. ಅಷ್ಟು ಹೆದರಿಕೆಯಲ್ಲೂ ನಗು ಬಂತು. ಅವರಿಗೂ ನನಗೂ ಚೀಟಿಯಲ್ಲಿ ಒಂದೇ ತಾರೀಖುಗಳನ್ನು ಬರೆದುಕೊಟ್ಟಿದ್ದರು. "ಈಗ ನಾವು ತಾರೀಖಿನ ನೆಂಟರು" ಎಂದು ಚೀಟಿ ಆಡಿಸಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಯ ನೋಡಿ, ಸೋಪು ಹಾಕಿ ತೊಳೆದದ್ದಕ್ಕೆ ಶಭಾಷ್ ಎಂದರು. ಆಮೇಲೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ರೋಗ ಬಂದ್ಮೇಲೆ ನಮ್ಮ ಕೈಲಿ ಏನೂ ಇಲ್ಲ. ಬರೋಕೆ ಮುಂಚೆ ಎಲ್ಲ ಇದೆ. ನೀವು ಮುಂಚೆನೇ ಬಂದಿದ್ದೀರ." ಮತ್ತೆ ಕೇಳಿದರು, "ಬೇರೆ ಯಾರಿಗಾದ್ರೂ ಕಚ್ಚಿದೆಯಾ? ಮಕ್ಕಳಿಗೆ? ತಲೆ, ಮುಖ, ಕತ್ತು ಆದ್ರಂತೂ ಒಂದು ಗಳಿಗೆನೂ ಕಾಯಬಾರದು." ಇಲ್ಲ ಎಂದೆ. ಎಷ್ಟು ಧೈರ್ಯವಾಗಿ ಇಲ್ಲ ಎಂದೆ!

ಗಾಯದೊಳಗೇ ಸೂಜಿ ಚುಚ್ಚುವಾಗ ನಾನು ನಲವತ್ತೆರಡು ವರ್ಷದ ಹೆಂಗಸು ಎಂಬುದು ಮರೆತುಹೋಗಿ ಅವ್ವನನ್ನು ಕರೆದೆ. ನರ್ಸ್ ಪಾವಗಡದ ಕಡೆಯವರು. "ಏಂ ಕಾದಮ್ಮ, ಏನೂ ಆಗಲ್ಲ, ಅಯಿಪೋಯಿಂದಿ, ಆಯ್ತು ಆಯ್ತು" ಎಂದು ತೆಲುಗು ಕನ್ನಡ ಎರಡರಲ್ಲೂ ಸಮಾಧಾನ ಮಾಡಿದರು. ಆ ಔಷಧಿಯ ಸೀಸೆಯನ್ನು ಕೇಳಿ ಇಸಕೊಂಡು ನೋಡಿದೆ. ಹೆಬ್ಬೆರಳಿನಷ್ಟು ಗಾಜು. ಸಾವನ್ನು ಬಾಗಿಲಾಚೆ ನಿಲ್ಲಿಸುವ ವಸ್ತು ಇಷ್ಟೇನಾ ಎಂದು ಆಶ್ಚರ್ಯವಾಯಿತು. ದೇವರ ಪ್ರಸಾದವನ್ನೂ ನಾನು ಅಷ್ಟು ಭಕ್ತಿಯಿಂದ ನೋಡಿದವಳಲ್ಲ.

ಹೊರಡುವ ಮುಂಚೆ ಡಾಕ್ಟರು ಹೇಳಿದರು, "ನಾಯಿನ ಹೊಡೆಯೋಕೆ ಬಿಡಬೇಡಿ. ಹತ್ತು ದಿನ ನೋಡ್ತಾ ಇರಿ. ಆರೋಗ್ಯವಾಗಿ ಉಳಿದ್ರೆ ಕಚ್ಚಿದಾಗ ಅದಕ್ಕೆ ರೋಗ ಇರಲಿಲ್ಲ ಅಂತ. ಅದು ಏನೇ ಆದ್ರೂ ನೀವು ಇಂಜೆಕ್ಷನ್ ತಪ್ಪಿಸಬೇಡಿ."

ಊರಿಗೆ ಬಂದರೆ ಕೆರೆ ಏರಿಯ ಹಳೇ ಪಂಪ್‌ಹೌಸ್ ಮುಂದೆ ದೊಣ್ಣೆ ಹಿಡಿದ ಏಳೆಂಟು ಜನ. ಒಳಗೆ ಮೊಟ್ಟೆ ತನ್ನ ಐದು ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಗುರ್‌ ಎನ್ನುತ್ತಿತ್ತು. ನನಗಾಗಿಯೇ ಅವರು ಬಂದಿದ್ದು, ಪಾಪ. ನಾನು ಕಟ್ಟು ಹಾಕಿದ ಕೈ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತೆ.

"ಲೇ, ದೊಣ್ಣೆ ಕೆಳಗಿಡ್ರೋ! ಇದು ಸತ್ರೆ ನಾನು ಬದುಕ್ತೀನೋ ಇಲ್ವೋ ಅಂತ ನಿಮ್ಮಪ್ಪ ಬಂದು ಹೇಳ್ತಾನಾ?"

ಬೆಳಿಗ್ಗೆ ಕೊಲ್ಲಬೇಕು ಎಂದುಕೊಂಡಿದ್ದ ನಾಯಿಗೆ ಸಾಯಂಕಾಲ ನಾನೇ ಕಾವಲು. ಯಜಮಾನರು ಪಂಪ್‌ಹೌಸಿಗೆ ಮುಳ್ಳಿನ ತಡಿಕೆ ಕಟ್ಟಿ, ಉದ್ದನೆಯ ಗಳುವಿನ ತುದಿಯಿಂದ ಅನ್ನದ ಬಟ್ಟಲು ಒಳಗೆ ತಳ್ಳುವ ಏರ್ಪಾಡು ಮಾಡಿದರು. ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರುವುದು. ಅದು ತಿಂದಿತಾ, ಎದ್ದಿತಾ, ನೀರು ಕುಡಿಯಿತಾ. ನಮ್ಮ ಮನೆಯ ಸುಖದುಃಖವೆಲ್ಲ ಒಂದು ಬೀದಿನಾಯಿಯ ಹೊಟ್ಟೆಯ ಮೇಲೆ ನಿಂತಿತು.

ಮನೆಯಲ್ಲಿ ಇನ್ನೊಂದು ಪರೀಕ್ಷೆ. ಹುಚ್ಚುನಾಯಿ ರೋಗ ಬಂದವರು ನೀರಿಗೆ ಹೆದರುತ್ತಾರೆ ಎಂದು ಯಜಮಾನರಿಗೆ ಮಿಲ್ಲಿನಲ್ಲಿ ಯಾರೋ ಹೇಳಿದ್ದರು. ಮೂರು ದಿನಕ್ಕೆ ಬರುವ ರೋಗವಲ್ಲ ಅದು ಎಂದು ಡಾಕ್ಟರು ಹೇಳಿದ್ದನ್ನು ಎಷ್ಟು ಸಲ ಹೇಳಿದರೂ ಅಷ್ಟೇ. ಕೇಳದೇ ಇದ್ದರೂ ಲೋಟ ತುಂಬಾ ನೀರು ತಂದು ಮುಂದಿಡುವರು, ಕೂತು ನೋಡುವರು. "ಕುಡಿ ಲೇ." ನಾನು ಕುಡಿಯುವೆ. "ಸರಾಗವಾಗಿ ಇಳೀತಾ?" "ಇಳೀತು ಕಣ್ರೀ!" ನಾನು ರೇಗುತ್ತಿದ್ದೆ. ಆದರೆ ಅವರು ಅತ್ತ ಹೋದ ಮೇಲೆ ನಾನೇ ಇನ್ನೊಂದು ಲೋಟ ಬಗ್ಗಿಸಿ, ಗುಟುಕು ಇಳಿಯುವುದನ್ನು ಕಿವಿಗೊಟ್ಟು ಕೇಳುತ್ತಿದ್ದೆ. ನಲವತ್ತೆರಡು ವರ್ಷ ನೀರು ಕುಡಿದಿದ್ದೇನೆ, ಅದು ಎಂಥ ಭಾಗ್ಯ ಎಂದು ಗೊತ್ತಾದದ್ದು ಆಗ.

ಗುರುವಾರ ಎರಡನೇ ಇಂಜೆಕ್ಷನ್. ತಾರೀಖಿನ ನೆಂಟರು ಪೆಪ್ಪರಮೆಂಟು ತಂದಿದ್ದರು. ಶುಕ್ರವಾರ ಬೆಳಿಗ್ಗೆ ಧೈರ್ಯ ಮಾಡಿ ಅಂಗನವಾಡಿಗೆ ಹೋದೆ. ಮಕ್ಕಳು ಬ್ಯಾಂಡೇಜು ಮುಟ್ಟಿ ನೋಡಲು ಸಾಲು ನಿಂತವು. ಚಂದನ ಮಾತ್ರ ದೂರ ನಿಂತಿದ್ದಳು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಬಂದು ನನ್ನ ಸೆರಗು ಹಿಡಿದಳು.

"ಟೀಚರ್, ನಿನ್ ಹೊಟ್ಟೇಲಿ ಮರಿ ಐತಾ?"

"ಇಲ್ಲ ಕಣೇ, ಹುಚ್ಚಿ" ಎಂದು ನಕ್ಕೆ. "ನಾಯಿ ಕಚ್ಚಿದ್ರೆ ಯಾರ ಹೊಟ್ಟೇಲೂ ಮರಿ ಆಗಲ್ಲ."

ಅವಳು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು.

"ಅಂಗಾರೆ ನಂಗೂ ಇಲ್ವಾ?"

ನೆಲದ ಮೇಲೆ ಕೂತು, ಅವಳನ್ನು ಹತ್ತಿರಕ್ಕೆಳೆದುಕೊಂಡು, ನನಗೆ ಸಾಧ್ಯವಾದಷ್ಟು ಮೆತ್ತಗೆ ಕೇಳಿದೆ, "ಎಲ್ಲಿ ಚಿನ್ನ, ತೋರ್ಸು?" ಎಣ್ಣೆ ಹಚ್ಚಿ ಬಿಗಿದ ಜಡೆಯನ್ನು ತಾನೇ ಎತ್ತಿದಳು. ಎಡಗಿವಿಯ ಹಿಂದೆ, ಕೂದಲು ಶುರುವಾಗುವ ಜಾಗದಲ್ಲಿ, ಅಕ್ಕಿಕಾಳಿನಷ್ಟು ಎರಡು ಗೀರು. ರಕ್ತ ಎಣ್ಣೆಯಲ್ಲಿ ಕಲಸಿ ಕಪ್ಪಗೆ ಗಟ್ಟಿಯಾಗಿತ್ತು.

"ಯಾಕಮ್ಮ ಹೇಳ್ಲಿಲ್ಲ?"

"ನೀನು ಬಯ್ತೀಯ. ಅಜ್ಜಿ ಚರ್ಮ ಸುಲೀತದೆ."

ತಲೆ, ಮುಖ, ಕತ್ತು. ಒಂದು ಗಳಿಗೆನೂ ಕಾಯಬಾರದು. ನಾಲ್ಕು ದಿನ ಆಗಿತ್ತು. ಆ ನಾಲ್ಕು ದಿನ ನಾನು ನನ್ನ ಗುಟುಕು ಎಣಿಸಿಕೊಳ್ಳುತ್ತ ಕೂತಿದ್ದೆ. ಈ ಮಗು ಹೊಟ್ಟೆ ಮುಟ್ಟಿಕೊಂಡು ಮರಿ ಆಡುತ್ತಾವಾ ಎಂದು ನೋಡಿಕೊಳ್ಳುತ್ತ, ಯಾರಿಗೂ ಹೇಳದೆ, ಉಂಡು ಮಲಗಿ ಎದ್ದಿದ್ದಳು. ನನ್ನ ಜೋರುಬಾಯಿ ಎಂಥದ್ದು ಎಂದು ಆಗ ಗೊತ್ತಾಯಿತು. ಸತ್ತರೂ ಚಿಂತೆಯಿಲ್ಲ, ಟೀಚರಿಗೆ ಗೊತ್ತಾಗಬಾರದು ಎನ್ನುವಷ್ಟು. ನಾಯಿಗಿಂತ ನಾನು ಹೆಚ್ಚು ಹೆದರಿಸಿದ್ದೆ.

ನಲ್ಲಿಯಡಿ ಕೂರಿಸಿ ಸೋಪು ಹಾಕಿ ತೊಳೆಯುತ್ತಿರುವಾಗ ಗಂಗಮ್ಮ ಓಡಿ ಕೆಂಚಮ್ಮನನ್ನು ಕರೆತಂದಳು. ಮುದುಕಿ ಗೀರು ನೋಡಿ ನೆಲಕ್ಕೆ ಕೂತೇಬಿಟ್ಟಳು. ಆಮೇಲೆ ಎದ್ದು, "ಕೊಳಾಲದ ತಾವ ಒಬ್ರು ಸೊಪ್ಪಿನ ರಸ ಕೊಡ್ತಾರಂತೆ ಕಣಮ್ಮ. ಮೂರು ದಿನ ಕುಡ್ದು, ಬದ್ನೇಕಾಯಿ ಬುಟ್ರೆ ಸಾಕಂತೆ. ಈ ಎಳೇ ಕೂಸಿನ ತಲೆಗೆ ಸೂಜಿ ಚುಚ್ಚುಸ್ಬ್ಯಾಡ" ಎಂದು ಮಗುವನ್ನು ನನ್ನ ಕೈಯಿಂದ ಎಳೆದಳು.

ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದೆ. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಎಂಬಂತೆ ಊರ ತಾಯಂದಿರಿಗೆಲ್ಲ ಬುದ್ಧಿ ಹೇಳಿ ನಾನೇ ನಾಯಿ ಮುಂದೆ ಮಗುವನ್ನು ಕೂರಿಸಿದವಳು. ಯಾವ ಬಾಯಲ್ಲಿ ಕೂಗಲಿ? ಅವಳ ಕೈ ಹಿಡಿದುಕೊಂಡೆ.

"ಕೆಂಚಮ್ಮ, ತಪ್ಪು ನಂದು. ನಾಯಿ ಕರೆದು ತುತ್ತು ತೋರ್ಸೋದು ಕಲಿಸಿದ್ದು ನಾನು. ಅವತ್ತು ಬಯ್ದು ಅವಳ ಬಾಯಿ ಮುಚ್ಚಿಸಿದ್ದೂ ನಾನು. ನಾಯಿಗೆ ಏನಾಗಿದೆಯೋ ಇನ್ನೂ ಗೊತ್ತಿಲ್ಲ. ಮೊದ್ಲು ಸೂಜಿ ಹಾಕ್ಸೋಣ. ಆಮೇಲೆ ನೀನು ಯಾವ ಸೊಪ್ಪು ಬೇಕಾದ್ರೂ ಕುಡಿಸು, ನಾನೇ ಜೊತೇಲಿ ಬರ್ತೀನಿ."

ಮುದುಕಿ ನನ್ನ ಮುಖ ನೋಡಿದಳು. ಟೀಚರ್ ತಪ್ಪು ಒಪ್ಪಿಕೊಂಡದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. "ನಾನೂ ಚರ್ಮ ಸುಲೀತೀನಿ ಅಂದಿದ್ನಲ್ಲಮ್ಮ" ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ನಡಿ, ಬಸ್ಸು ಹೊಂಟೋಯ್ತದೆ" ಎಂದಳು.

ಮೂರು ಜನ ಹೈವೇಯಲ್ಲಿ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತ ಚಂದನ ನೀರಿನ ಬಾಟಲಿ ಕೇಳಿದಳು. ತಲೆ ಎತ್ತಿ ಗಟಗಟ ಕುಡಿದಳು. ಕೊಕ್ಕರೆಯಂಥ ಆ ಸಣ್ಣ ಕತ್ತು, ಅದರೊಳಗೆ ಇಳಿಯುತ್ತಿದ್ದ ಒಂದೊಂದು ಗುಟುಕು. ನಾನೂ ಕೆಂಚಮ್ಮನೂ ಉಸಿರು ಬಿಗಿಹಿಡಿದು ನೋಡಿದೆವು. ಮಗು ನೀರು ಕುಡಿಯುವುದಕ್ಕಿಂತ ದೊಡ್ಡ ಪವಾಡ ನಾನು ಈ ಭೂಮಿಯ ಮೇಲೆ ಕಂಡಿಲ್ಲ.

ಡಾಕ್ಟರು ಬಯ್ಯಲಿಲ್ಲ. "ತಡ ಆಗಿದೆ, ಆದ್ರೆ ಹೊತ್ತು ಮೀರಿಲ್ಲ" ಎಂದರು. ಆ ಮಾತಿಗೆ ಕೆಂಚಮ್ಮ ಅವರ ಕಾಲು ಮುಟ್ಟಲು ಹೋದಳು. ಕಿವಿಯ ಹಿಂದೆ, ಗೀರುಗಳ ಒಳಗೇ ಸೂಜಿ ಹೋಗಬೇಕು. ತಲೆ ಅಲ್ಲಾಡಿಸಬಾರದು. ದೊಡ್ಡವಳಾದ ನಾನೇ ಅವ್ವಾ ಎಂದಿದ್ದು ನರ್ಸಿಗೆ ನೆನಪಿತ್ತು. ಗಟ್ಟಿಯಾಗಿ ಹಿಡ್ಕೊಳ್ಳಿ ಎಂದು ಸನ್ನೆ ಮಾಡಿದರು. ಹಿಡಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅವಳ ಎದುರು ಮೊಣಕಾಲೂರಿ ಕೂತೆ.

"ಚಂದನ, ಮರದ ಆಟ ಆಡೋಣ್ವಾ? ಮರ ಏನೇ ಆದ್ರೂ ಅಲ್ಲಾಡಲ್ಲ. ನೀನು ಯಾವ ಮರ?"

"ಹುಣ್ಸೆ ಮರ."

"ಬೇರು ಎಲ್ಲಿಗೆ ಹೋಗಿದೆ?"

ಅವಳು ಕಾಲುಬೆರಳುಗಳನ್ನು ನೆಲಕ್ಕೆ ಒತ್ತಿದಳು. ಕೈ ಎದೆಗೆ ಕಟ್ಟಿ, ಕಣ್ಣು ನೆಲಕ್ಕೆ ಹಾಕಿದಳು. ಸೂಜಿ ಒಂದು ಕಡೆ ಹೋಯಿತು, ಇನ್ನೊಂದು ಕಡೆ ಹೋಯಿತು. ಕಣ್ಣೀರು ಗಲ್ಲದ ಮೇಲೆ ಇಳಿದು ಫ್ರಾಕಿನ ಮೇಲೆ ಬೀಳುತ್ತಿತ್ತು. ತಲೆ ಮಾತ್ರ ಅಲ್ಲಾಡಲಿಲ್ಲ. ಹದಿಮೂರು ಕೆಜಿಯ ಮಗು ಅದು. ಅಷ್ಟು ಧೈರ್ಯವನ್ನು ಆ ಮೈಯಲ್ಲಿ ಎಲ್ಲಿ ಇಟ್ಟುಕೊಂಡಿತ್ತೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನರ್ಸ್ ಸೂಜಿ ಕೆಳಗಿಟ್ಟರು. ಆಮೇಲೆ ಅವಳ ಗಲ್ಲ ಒರೆಸಿ, "ತಲ್ಲೀ, ನಾಯಿ ಹತ್ರ ಬಂದಾಗ್ಲೂ ಹಿಂಗೇ ನಿಲ್ಲಬೇಕು ತೆಲುಸಾ? ಓಡಬಾರದು, ಕೂಗಬಾರದು. ಮರ ಅಂದ್ಕೊಂಡು ಮೂಸಿ ನೋಡಿ ಹೋಗುತ್ತೆ" ಎಂದರು. ಚಂದನ ಇನ್ನೂ ಮರವಾಗಿಯೇ ನಿಂತು, ಹೂಂ ಎಂದು ಕಣ್ಣು ಮಾತ್ರ ಮುಚ್ಚಿ ತೆಗೆದಳು.

ಸೋಮವಾರ ನನ್ನ ಮೂರನೆಯದೂ ಅವಳ ಎರಡನೆಯದೂ ಒಂದೇ ದಿನ ಬಿದ್ದವು. ಚಾಚಾ ಅವಳನ್ನೂ ನೆಂಟರ ಲೆಕ್ಕಕ್ಕೆ ಸೇರಿಸಿಕೊಂಡರು. ಪಂಪ್‌ಹೌಸಿನಲ್ಲಿ ನಾಯಿ ಅನ್ನ ತಿನ್ನುತ್ತಿತ್ತು. ಒಂದು ದಿನ ಮಾತ್ರ ಬಟ್ಟಲು ಮುಟ್ಟಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಒಲೆಯೂ ಹತ್ತಲಿಲ್ಲ. ಕೆಂಚಮ್ಮ ಬಂದು ತಡಿಕೆಯ ಆಚೆ ಕೂತು, "ತಿನ್ನವ್ವ, ನಿನ್ ಮಕ್ಳ ಮೇಲಾಣೆ, ಒಂದ್ ತುತ್ತು ತಿನ್ನು, ನನ್ ಕೂಸು ಬದುಕ್ಲಿ" ಎಂದು ನಾಯಿಯನ್ನು ಬೇಡಿಕೊಂಡಳು. ಮೊಮ್ಮಗಳಿಗೆ ಉಣ್ಣಿಸಲು ನಾಯಿ ಕರೆಯುತ್ತಿದ್ದ ಮುದುಕಿ ಅದೇ ರಾಗದಲ್ಲಿ ನಾಯಿಗೆ ಉಣ್ಣಲು ಹೇಳುತ್ತಿದ್ದಳು. ಮರುದಿನ ಅದು ಬಟ್ಟಲು ನೆಕ್ಕಿ ಖಾಲಿ ಮಾಡಿತು. ಹಿಂದಿನ ದಿನ ಇಲಿ ಗಿಲಿ ಹಿಡಿದು ತಿಂದಿರಬೇಕು ಎಂದರು ಯಜಮಾನರು.

ಹತ್ತನೇ ದಿನ, ಗುರುವಾರ ಬೆಳಿಗ್ಗೆ, ಊರಿನ ಅರ್ಧ ಜನ ಏರಿಯ ಮೇಲಿದ್ದರು. ಯಜಮಾನರು ತಡಿಕೆ ತೆಗೆದರು. ಮೊಟ್ಟೆ ಹೊರಗೆ ಬಂದು, ಮೈ ಮುರಿದು, ಕೆರೆಗಿಳಿದು ಚಪ್ಪರಿಸಿ ನೀರು ಕುಡಿಯಿತು. ಹಿಂದೆಯೇ ಐದು ಮರಿ ಉರುಳಿಕೊಂಡು ಬಂದವು. ಇಷ್ಟು ಜನರ ಪ್ರಾಣ ತನ್ನ ನಾಲಿಗೆಯ ಮೇಲಿತ್ತೆಂದು ಆ ನಾಯಿಗೆ ಗೊತ್ತೇ ಇಲ್ಲ. ನಾನು ಕೈ ಮುಗಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ, ನಾಯಿಗೇ ಇರಬೇಕು. ಉಳಿದ ಇಂಜೆಕ್ಷನ್ನುಗಳನ್ನೂ ಇಬ್ಬರೂ ತಪ್ಪದೆ ಮುಗಿಸಿದೆವು.

ಆಮೇಲೆ ಪಶುವೈದ್ಯರು ಬಂದು ಮೊಟ್ಟೆಗೂ ಊರಿನ ಮಿಕ್ಕ ನಾಯಿಗಳಿಗೂ ಲಸಿಕೆ ಹಾಕಿ ಹೋದರು. ಅಂಗನವಾಡಿಯಲ್ಲಿ ನಾನು ಹೊಸದಾಗಿ ಪಾಠ ಶುರು ಮಾಡಿದೆ. ಬೊಗಳೋ ನಾಯಿ ಕಚ್ಚಲ್ಲ ಎಂದು ಹೇಳಿಕೊಡುತ್ತಿದ್ದವಳು ಆ ಗಾದೆಯನ್ನು ಬಿಟ್ಟೆ. ಬೊಗಳುವ ನಾಯಿಯೂ ಕಚ್ಚುತ್ತದೆ, ಬೊಗಳದ ನಾಯಿಯೂ ಕಚ್ಚುತ್ತದೆ. ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಈ ಮೂರರ ಹತ್ತಿರ ಹೋಗಬಾರದು ಎಂದು ಮಕ್ಕಳು ಹಾಡಿನಂತೆ ಹೇಳುತ್ತವೆ. ಕೊಟ್ಟು ಕಿತ್ತುಕೊಳ್ಳಬಾರದು. ಕಲ್ಲು ಹೊಡೆಯಬಾರದು. ಸಾಕಿದ ನಾಯಿಯಾದರೂ ಅವರ ಮನೆಯವರನ್ನು ಕೇಳದೆ ಮುಟ್ಟಬಾರದು. ಹತ್ತಿರ ಬಂದರೆ ಮರ. ಕೆಡವಿದರೆ ಮೊಣಕಾಲು ಮಡಚಿ, ಕಿವಿ ಮುಚ್ಚಿ, ಮಧುಗಿರಿ ಬೆಟ್ಟದ ಬಂಡೆ. ದಿನಾ ಮಧ್ಯಾಹ್ನ ಒಬ್ಬರು ನಾಯಿಯಾಗಿ ಮೂಸುತ್ತ ಬರುವುದು, ಮಿಕ್ಕವರು ಮರವಾಗುವುದು. ಒಬ್ಬೊಬ್ಬರಿಗೂ ಒಂದೊಂದು ಮರ. ಹೊಂಗೆ, ಬೇವು, ಆಲ, ಜಾಲಿ. ಹುಣಸೆಯನ್ನು ಚಂದನ ಯಾರಿಗೂ ಬಿಟ್ಟುಕೊಡಲಿಲ್ಲ.

ಮಕ್ಕಳಿಗಿಂತ ಕಷ್ಟವಾದದ್ದು ಅಜ್ಜಿಯರು. ತುತ್ತಿನ ಪದ್ಧತಿ ಬಿಡಿ ಎಂದರೆ, "ನಮ್ಮವ್ವ ನಂಗೂ ಇಂಗೇ ಉಣ್ಸಿದ್ದು, ನಾನೇನ್ ಸತ್ತೋದ್ನಾ?" ಎಂದು ಒಬ್ಬಳು ಗದರಿದಳು. ನಾನು ಬಾಯಿ ತೆಗೆಯುವ ಮುಂಚೆ ಕೆಂಚಮ್ಮನೇ ಎದ್ದು ನಿಂತು ಉತ್ತರ ಕೊಟ್ಟಳು. ಏನು ಕೊಟ್ಟಳೆಂದು ಬರೆಯುವ ಹಾಗಿಲ್ಲ. ಈಗ ಅವಳು ಮೊಮ್ಮಗಳಿಗೆ ಬಾಗಿಲು ಹಾಕಿಕೊಂಡು ಒಳಗೆ ಉಣ್ಣಿಸುತ್ತಾಳೆ.

ಎಲ್ಲಕ್ಕಿಂತ ಕಷ್ಟದ ಪಾಠ ನನ್ನದು. ಮಗು ತಪ್ಪು ಮಾಡಿ ಬಂದಾಗ ಮೊದಲ ಮಾತು ಬೈಗುಳ ಆಗಬಾರದು. ನಾಯಿ ಬಾಲ ಡೊಂಕು ಅನ್ನುತ್ತಾರಲ್ಲ, ನನ್ನ ನಾಲಿಗೆಯೂ ಹಾಗೇ. ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ನಾನೇ ಗಟ್ಟಿಯಾಗಿ ಹೇಳುವೆ, "ನಾಯಿ ಕಚ್ಚಿದ್ರೆ, ಪರಚಿದ್ರೆ, ಗಾಯ ನೆಕ್ಕಿದ್ರೆ, ಬಂದು ಹೇಳಿ. ಟೀಚರ್ ಬಯ್ಯಲ್ಲ." ಮಕ್ಕಳು ಒಕ್ಕೊರಲಿನಲ್ಲಿ "ಬಯ್ಯಲ್ಲ" ಎನ್ನುತ್ತವೆ. ನಂಬಿದ್ದಾವೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಏಳು ತಿಂಗಳ ಮೇಲೆ. ಮಧ್ಯಾಹ್ನ ಮಕ್ಕಳು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವು. ಹೈವೇ ಕಡೆಯಿಂದ ಬಂದ ಯಾವುದೋ ದೊಡ್ಡ ಕೆಂಚು ನಾಯಿ, ನಮ್ಮೂರಿನದಲ್ಲ, ತೆರೆದ ಗೇಟಿನಿಂದ ನೇರ ಒಳಗೆ ಬಂತು. ನಾಲಿಗೆ ಹೊರಗಿತ್ತು. ಒಳಬಾಗಿಲಲ್ಲಿದ್ದ ನನಗೆ ಮಣಿಕಟ್ಟಿನ ನಾಲ್ಕು ಗುರುತೂ ಒಮ್ಮೆಗೇ ಉರಿದವು. ಕೂಗಲು ಬಾಯಿ ತೆರೆದೆ. ಓಡಿಹೋಗಿ ಮಕ್ಕಳನ್ನು ಎಳೆದುಕೊಳ್ಳಲು ಒಂದು ಕಾಲು ಮುಂದಿಟ್ಟೆ.

"ಟೀಚರ್, ಮರ."

ಮೆಲ್ಲಗೆ ಹೇಳಿದ್ದು ಚಂದನ. ತಿರುಗಿ ನೋಡಲಿಲ್ಲ, ಕಣ್ಣು ನೆಲದ ಮೇಲೇ ಇತ್ತು, ಕೈ ಎದೆಯ ಮೇಲಿತ್ತು. ಅವಳ ಹಿಂದೆ ಮುಂದೆ ಎಲ್ಲ ಮರಗಳೂ ನಿಂತಿದ್ದವು. ಹೊಂಗೆ, ಬೇವು, ಆಲ. ಒಂದು ನಿಮಿಷ ಸುಮ್ಮನೆ ಕೂರದ ಜಾಲಿ ಮರವೂ ಉಸಿರು ಬಿಗಿಹಿಡಿದು ನಿಂತಿತ್ತು. ನಲ್ಲಿ ಸುರಿಯುತ್ತಿದ್ದ ಸದ್ದು ಬಿಟ್ಟರೆ ಬೇರೇನಿಲ್ಲ. ನಾನೂ ನಿಂತೆ. ನಾಯಿ ಒಂದು ಮಗುವಿನ ಮೊಣಕಾಲು ಮೂಸಿತು, ಇನ್ನೊಂದರ ಒದ್ದೆ ಕೈ ಮೂಸಿತು. ಚಂದನಳ ಹತ್ತಿರ ಬಂದು ತಲೆ ಎತ್ತಿ ನಿಂತಿತು. ಅವಳ ಕಾಲುಬೆರಳುಗಳು ಮಣ್ಣಿಗೆ ಒತ್ತಿಕೊಂಡದ್ದು ನನಗೆ ಅಲ್ಲಿಂದಲೇ ಕಂಡಿತು. ಆ ಗಳಿಗೆ ಎಷ್ಟು ಉದ್ದವಿತ್ತೋ! ಆಮೇಲೆ ನಾಯಿ ನಲ್ಲಿಯ ಕೆಳಗಿನ ನೀರು ನೆಕ್ಕಿ, ಬಂದ ದಾರಿಯಲ್ಲೇ ಹೋಯಿತು.

ನಾನು ಹೋಗಿ ಗೇಟು ಹಾಕಿದೆ. ಏನಾದರೂ ಹೇಳಬೇಕು, ಹೊಗಳಬೇಕು ಎಂದು ಮಕ್ಕಳ ಕಡೆ ತಿರುಗಿದೆ. ಅಷ್ಟರಲ್ಲಿ ಚಂದನ ಕೈ ಬಿಡಿಸಿ, ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತು, ಕೈ ತಿರುಗಿಸಿ, ಕಿವಿಯ ಹಿಂದೆ ಕೂದಲು ಎತ್ತಿ ನೋಡತೊಡಗಿದಳು.

"ಯಾರಿಗಾರ ಬಾಯಿ ಹಾಕ್ತಾ? ಹಾಕಿದ್ರೆ ಹೇಳ್ಬುಡಿ" ಎಂದಳು. "ಟೀಚರ್ ಬಯ್ಯಲ್ಲ."